ಕಾನಸೂರಿನ ಅಜ್ಜಿ, ರಾತ್ರಿಪಾಳಿಯ ಸಿಸ್ಟರ್

ಕುಮಟಾದಲ್ಲಿ ರೈಲು ಇಳಿದು, ದೇವಿಮನೆ ಘಟ್ಟ ಹತ್ತಿ, ಶಿರಸಿಯಲ್ಲಿ ಲುಹರ್ ನಮಾಝ್ ಮುಗಿಸಿ, ಸಿದ್ದಾಪುರದ ಬಸ್ಸು ಹಿಡಿದು ನಾವು ಕಾನಸೂರಿನಲ್ಲಿ ಇಳಿದಾಗ ಮಧ್ಯಾಹ್ನ ಕಳೆದಿತ್ತು. ರಸ್ತೆಯ ಎರಡೂ ಬದಿಗೆ ಒಂದಷ್ಟು ಅಂಗಡಿ, ಆಚೆಗೆ ಕಾಡು, ಕೆಳಗೆ ಅಡಿಕೆ ತೋಟ. ನಾಲ್ಕು ಮಂದಿ ಅಪರಿಚಿತರು, ಕೈಯಲ್ಲಿ ಖರ್ಜೂರದ ಪೊಟ್ಟಣ. ಅಂಗಡಿಯವರು, "ಯಾರ ಮನೆಗೆ?" ಎಂದು ಕೇಳಿದರು. ಹೆಸರು ಹೇಳಿದೆವು. "ಓ, ಮಂಗಳೂರು ಆಸ್ಪತ್ರೆಯಲ್ಲಿದ್ದ ಅಮ್ಮನ ಮನೆಗಾ? ನೀವು ಅವರಿಗೆ ಏನಾಗಬೇಕು?" ಎಂಬುದು ಎರಡನೆಯ ಪ್ರಶ್ನೆ.

ಏನು ಹೇಳುವುದು? ರಕ್ತ ಸಂಬಂಧ ಇಲ್ಲ, ಜಾತಿ ಬೇರೆ, ಊರು ಬೇರೆ, ಮನೆಮಾತು ಬೇರೆ. ನಮ್ಮ ಜೊತೆಗಿದ್ದ ಹುಡುಗಿ ಮಾತ್ರ ತಡವರಿಸದೆ, "ನಾನು ಅಲ್ಲಿಯ ಸಿಸ್ಟರ್, ಇವರು ನಮ್ಮವರೇ" ಎಂದಳು. ಅಂಗಡಿಯವರು ದಾರಿ ತೋರಿಸಲು ಮಗನನ್ನೇ ಕಳಿಸಿಕೊಟ್ಟರು.

ಆ ಅಜ್ಜಿಯ ಕತೆಯನ್ನು, ಅದಕ್ಕಿಂತ ಹೆಚ್ಚಾಗಿ ಅವರಿಂದ ನಾವು ಕಲಿತದ್ದನ್ನು ಈ ಪುಟದ ಓದುಗರಿಗೆ ಹೇಳಲೇಬೇಕು ಅನ್ನಿಸಿತು. ಅಜ್ಜಿಯದ್ದಾಗಲಿ ಸಿಸ್ಟರ್‌ದಾಗಲಿ ಹೆಸರು ಬರೆಯುವುದಿಲ್ಲ. ಅಜ್ಜಿಯ ಮಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ.

ಸೇಬು, ಮೂಸಂಬಿ ಮತ್ತು ಒಂದು ಫೋಟೋ

ನಾವು ಐದಾರು ಮಂದಿ, ಗಂಡಸರೂ ಹೆಂಗಸರೂ, ಶುಕ್ರವಾರ ಜುಮಾ ಕಳೆದು ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಿ ಬರುವ ಅಭ್ಯಾಸ ಇಟ್ಟುಕೊಂಡವರು. ಸಂಘಟನೆ ಏನಲ್ಲ, ಬೋರ್ಡು ಬ್ಯಾನರ್ ಇಲ್ಲ. ರೋಗಿ ಸಂದರ್ಶನ ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟ ಕರ್ತವ್ಯ. ಒಂದಷ್ಟು ಹಣ್ಣು ತೆಗೆದುಕೊಂಡು ಹೋಗುವುದು, ಎರಡು ಮಾತಾಡುವುದು, ದುಆ ಮಾಡಿ ಬರುವುದು. ಒಳ್ಳೆಯ ಕೆಲಸ ಮಾಡುತ್ತಿದ್ದೇವೆ ಎಂಬ ಸಮಾಧಾನ ನಮಗಿತ್ತು.

ಹೋದ ವರ್ಷದ ಮಳೆಗಾಲದಲ್ಲಿ ಹಾಗೆ ಹೋದಾಗ ಹೆಂಗಸರ ವಾರ್ಡಿನ ಕೊನೆಯ ಮಂಚದಲ್ಲಿ ಈ ಅಜ್ಜಿ ಇದ್ದರು. ಎಂಬತ್ತು ದಾಟಿದ ಜೀವ. ಮಳೆಗೆ ಪಾಚಿಗಟ್ಟಿದ ಅಂಗಳದಲ್ಲಿ ಕಾಲು ಜಾರಿ ಸೊಂಟದ ಮೂಳೆ ಮುರಿದಿತ್ತು. ಹೃದಯವೂ ದುರ್ಬಲ ಇದ್ದುದರಿಂದ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದಿದ್ದರಂತೆ. ಬೆಂಗಳೂರಿನಲ್ಲಿ ಕಂಪೆನಿ ಕೆಲಸದಲ್ಲಿರುವ ಒಬ್ಬನೇ ಮಗ ಓಡಿ ಬಂದು, ಶಸ್ತ್ರಚಿಕಿತ್ಸೆ ಮಾಡಿಸಿ, ರಜೆ ಮುಗಿದದ್ದರಿಂದ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಗೊತ್ತು ಮಾಡಿ ಹೋಗಿದ್ದರು. ಆ ಹೆಂಗಸು ಮೂರನೇ ದಿನ ಹೇಳದೆ ಕೇಳದೆ ಹೋಗಿಬಿಟ್ಟಿದ್ದಳು. ಮಗ ಬೇರೆಯವರನ್ನು ಹುಡುಕುತ್ತ ಫೋನ್ ಮೇಲೆ ಫೋನ್ ಮಾಡುತ್ತಿದ್ದರು.

ನಾವು ಹೋಗಿ ಮಂಚದ ಪಕ್ಕದ ಡಬ್ಬದ ಮೇಲೆ ಎರಡು ಸೇಬು, ಎರಡು ಮೂಸಂಬಿ ಇಟ್ಟೆವು. "ಹೇಗಿದ್ದೀರಿ ಅಜ್ಜಿ?" ಎಂದು ಜೋರಾಗಿ ಕೇಳಿದೆವು. ಅಜ್ಜಿ ಕಣ್ಣು ಬಿಟ್ಟು ಏನೋ ಗೊಣಗಿದರು. ನಮ್ಮಲ್ಲೊಬ್ಬರು ಅಭ್ಯಾಸಬಲದಿಂದ ಮೊಬೈಲು ತೆಗೆದು ಫೋಟೋ ಹೊಡೆದರು. ಮುಂದಿನ ಮಂಚಕ್ಕೆ ನಡೆದೆವು. ಒಟ್ಟು ಎರಡು ನಿಮಿಷ ಆಗಿರಬಹುದು.

ಬಾಗಿಲ ಹತ್ತಿರ ಸಿಸ್ಟರ್ ನಮ್ಮನ್ನು ನಿಲ್ಲಿಸಿದಳು. ಎಳೆ ಪ್ರಾಯದ ಹುಡುಗಿ. ಮೊದಲು ಕನ್ನಡದಲ್ಲಿ ಶುರು ಮಾಡಿದವಳು, ನಮ್ಮ ಟೋಪಿ ನೋಡಿಯೋ ಏನೋ, ಬ್ಯಾರಿ ಭಾಷೆಗೆ ಬಂದಳು. "ಇಚ್ಚಾ, ಬೇಸರ ಮಾಡಬೇಡಿ. ಅವರ ಕೈ ನೋಡಿದಿರಾ?" ಎಂದಳು.

ನೋಡಿರಲಿಲ್ಲ. ತಿರುಗಿ ಹೋಗಿ ನೋಡಿದೆವು. ಹೊದಿಕೆಯ ಅಡಿಯಲ್ಲಿ ಅಜ್ಜಿಯ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಲಾಗಿತ್ತು.

"ಹಿಂದಿನ ರಾತ್ರಿ ಡ್ರಿಪ್ಸಿನ ಸೂಜಿ ಕಿತ್ತು ಹಾಕಿದ್ದಾರೆ. ಒಬ್ಬರೇ ಇದ್ದಾರೆ, ನೋಡಿಕೊಳ್ಳಲು ಬೈಸ್ಟ್ಯಾಂಡರ್ ಇಲ್ಲ, ಅದಕ್ಕೆ ಕಟ್ಟಿದ್ದಾರೆ. ನಾನು ಈಗಷ್ಟೇ ಡ್ಯೂಟಿಗೆ ಬಂದದ್ದು. ಕೈ ಕಟ್ಟಿದವರು ಸೇಬು ತಿನ್ನುವುದು ಹೇಗೆ? ಬಾಯಲ್ಲಿ ಹಲ್ಲಿನ ಸೆಟ್ಟೂ ಇಲ್ಲ. ಮತ್ತೆ ಆ ಫೋಟೋ... ನಿಮ್ಮ ಉಮ್ಮನನ್ನು ಹೀಗೆ ಮಲಗಿಸಿ ಯಾರಾದರೂ ತೆಗೆದರೆ?"

ನಾವು ಉತ್ತರ ಕೊಡಲಿಲ್ಲ. ಫೋಟೋ ಅಲ್ಲಿಯೇ ಅಳಿಸಿ ಹಾಕಿದೆವು.

"ಆಸ್ರಿಗೆ... ಆಸ್ರಿಗೆ..."

ಆ ಸಂಜೆ ನಾವು ಬೇರೆ ವಾರ್ಡಿಗೆ ಹೋಗಲಿಲ್ಲ. ಸಿಸ್ಟರ್ ಡಾಕ್ಟರರಲ್ಲಿ ಕೇಳಿ ಕಟ್ಟು ಬಿಚ್ಚಿದಳು. ಒಂದು ಶರತ್ತು: ಯಾರಾದರೂ ಪಕ್ಕದಲ್ಲಿ ಕೂತಿರಬೇಕು. ನಮ್ಮ ಜೊತೆಗಿದ್ದ ಇಬ್ಬರು ಹೆಂಗಸರು ಸರದಿಯಲ್ಲಿ ಕೂತರು.

ಅಜ್ಜಿ ಒಂದೇ ಮಾತು ಹೇಳುತ್ತಿದ್ದರು. "ಆಸ್ರಿಗೆ... ಆಸ್ರಿಗೆ..." ಯಾರನ್ನೋ ಕರೆಯುತ್ತಿದ್ದಾರೆ, ಮಗಳ ಹೆಸರಿರಬೇಕು ಎಂದು ಹಗಲಿನ ಆಯಾ ಹೇಳಿದ್ದಳಂತೆ. ತಲೆ ಕೆಟ್ಟಿದೆ ಎಂದು ಇನ್ನೊಬ್ಬರು. ಆ ವಾರ್ಡಿನಲ್ಲಿ ಓಡಾಡುವುದು ತುಳು, ಬ್ಯಾರಿ, ಮಲಯಾಳ, ಕೊಂಕಣಿ. ಘಟ್ಟದ ಮೇಲಿನ ಹವ್ಯಕರ ಮಾತು ಯಾರಿಗೂ ತಿಳಿಯದು. ಕೊನೆಗೆ ಮೂರು ಮಂಚ ಆಚೆಗಿದ್ದ ವಿಟ್ಲ ಕಡೆಯ ಒಬ್ಬ ತಾಯಿ ಮಲಗಿದಲ್ಲಿಂದಲೇ ಕೂಗಿ ಹೇಳಿದರು: "ಅವರಿಗೆ ಬಾಯಾರಿಕೆ ಆಗಿದೆ ಮಾರಾಯ್ರೆ! ಆಸ್ರಿಗೆ ಅಂದರೆ ನಮ್ಮ ಮಾತಲ್ಲಿ ಕುಡಿಯಲಿಕ್ಕೆ ಅಂತ."

ಎರಡು ದಿನದಿಂದ ಒಂದು ಜೀವ ಕುಡಿಯಲು ಕೇಳುತ್ತಿತ್ತು. ನಾವೆಲ್ಲ ಅದನ್ನು ಭ್ರಮೆ ಎಂದುಕೊಂಡೆವು.

ಸಿಸ್ಟರ್ ಮಂಚದ ತಲೆಯ ಭಾಗವನ್ನು ಎತ್ತರಿಸಿ, ಅಜ್ಜಿಯನ್ನು ನೆಟ್ಟಗೆ ಕೂರಿಸಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ನೀರು ಕೊಟ್ಟಳು. ಒಂದು ಚಮಚ ಗಂಟಲಿಂದ ಇಳಿದದ್ದು ನೋಡಿಯೇ ಇನ್ನೊಂದು. ಅರ್ಧ ಲೋಟಕ್ಕೆ ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷದಲ್ಲಿ ಅವಳನ್ನು ಮೂರು ಕಡೆಯಿಂದ ಕರೆದರು. ನಂತರ ಅಜ್ಜಿಯ ಚೀಲ ಹುಡುಕಿ ಕನ್ನಡಕ ತೆಗೆದು ಹಾಕಿದಳು, ಹಲ್ಲಿನ ಸೆಟ್ಟು ತೊಳೆದು ಕೊಟ್ಟಳು. ಅಜ್ಜಿ ಕಣ್ಣರಳಿಸಿ ಅವಳ ಮುಖ ನೋಡಿದರು. "ತಂಗೀ, ಇದು ಯಾವ ಊರು?" ಎಂದು ಕೇಳಿದರು. ಅಷ್ಟು ದಿನದಲ್ಲಿ ಅವರು ಆಡಿದ ಮೊದಲ ಪೂರ್ತಿ ವಾಕ್ಯ ಅದಂತೆ.

ಅದು ಹುಚ್ಚಲ್ಲ, ಮರೆವಿನ ಕಾಯಿಲೆಯೂ ಅಲ್ಲ

ನಮ್ಮ ಹಿರಿಯರು ಇದಕ್ಕೆ ಸನ್ನಿ ಎನ್ನುತ್ತಿದ್ದರು. ವೈದ್ಯರು ಡೆಲಿರಿಯಂ ಎನ್ನುತ್ತಾರೆ. ವಯಸ್ಸಾದವರಲ್ಲಿ, ಅದರಲ್ಲೂ ಸೊಂಟದ ಮೂಳೆಯಂಥ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಇದು ಬಹಳ ಸಾಮಾನ್ಯ. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬರುತ್ತದೆ. ಇದು ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಬರುತ್ತದೆ. ಬೆಳಗ್ಗೆ ಸರಿಯಿದ್ದವರು ಸಂಜೆಗೆ ಗೊಂದಲಕ್ಕೆ ಬೀಳುತ್ತಾರೆ, ರಾತ್ರಿ ಹೆಚ್ಚಾಗುತ್ತದೆ. ಕಾರಣ ಹುಡುಕಿ ಸರಿಪಡಿಸಿದರೆ ಹೆಚ್ಚಿನವರು ಚೇತರಿಸುತ್ತಾರೆ.

ಕಾರಣಗಳು ಯಾವುವು? ಸೋಂಕು, ನೋವು, ಕೆಲವು ಔಷಧಿಗಳು. ಅವುಗಳ ಜೊತೆಗೆ ಮೈಯಲ್ಲಿ ನೀರು ಕಡಿಮೆಯಾಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ನಿದ್ದೆಗೇಡು, ಕನ್ನಡಕ ಮತ್ತು ಕಿವಿಯ ಯಂತ್ರ ಇಲ್ಲದಿರುವುದು, ಸುತ್ತಲಿನ ಮಾತು ಅರ್ಥವಾಗದಿರುವುದು, ಪರಿಚಯದ ಮುಖವೊಂದೂ ಕಾಣದಿರುವುದು. ಈ ಎರಡನೇ ಪಟ್ಟಿಯನ್ನು ನೋಡಿ. ಇದರಲ್ಲಿ ಹೆಚ್ಚಿನವು ಒಬ್ಬ ಮನುಷ್ಯ ಪಕ್ಕದಲ್ಲಿ ಕೂತರೆ ತಪ್ಪಿಸಬಹುದಾದವು. ಕೈಕಾಲು ಕಟ್ಟಿದರೆ ಗೊಂದಲ ಕಡಿಮೆಯಾಗುವುದಿಲ್ಲ, ಭಯ ಹೆಚ್ಚಾಗಿ ಗೊಂದಲವೂ ಹೆಚ್ಚುತ್ತದೆ.

ಮಲಗಿದಲ್ಲೇ ಇರುವ ಹಿರಿಯರಿಗೆ ಇನ್ನೊಂದು ಶತ್ರು ಬೆನ್ನಿನ ಹುಣ್ಣು. ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಮೂಳೆ ಒತ್ತಿದ ಕಡೆ ರಕ್ತ ಓಡದೆ ಚರ್ಮ ಸಾಯುತ್ತದೆ. ಬಾಲ, ಸೊಂಟ, ಹಿಮ್ಮಡಿ ಮೊದಲು ಕೆಡುವ ಜಾಗಗಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ನರ್ಸಿಂಗಿನ ಮೊದಲ ವರ್ಷದಲ್ಲಿಯೇ ಕಲಿಸುತ್ತಾರೆ. ಕಲಿತದ್ದನ್ನು ಮಾಡಲು ಕೈಗಳು ಬೇಕಲ್ಲ?

ಭಾರತೀಯ ನರ್ಸಿಂಗ್ ಕೌನ್ಸಿಲಿನ ಮಾನದಂಡದ ಪ್ರಕಾರ ಸಾಮಾನ್ಯ ವಾರ್ಡಿನಲ್ಲಿ, ಬೋಧನಾ ಆಸ್ಪತ್ರೆಯಾದರೆ 3 ರೋಗಿಗಳಿಗೆ ಒಬ್ಬ ನರ್ಸ್, ಉಳಿದ ಆಸ್ಪತ್ರೆಯಾದರೆ 5 ರೋಗಿಗಳಿಗೆ ಒಬ್ಬರು ಇರಬೇಕು. ನಾವು ಕಂಡ ಆ ವಾರ್ಡಿನಲ್ಲಿ ರಾತ್ರಿ ಮೂವತ್ತು ಮಂಚಕ್ಕೆ ಇಬ್ಬರಿದ್ದರು. ಔಷಧಿ, ಡ್ರಿಪ್ಸ್, ಬಿಪಿ, ಹೊಸ ದಾಖಲಾತಿ, ಎಲ್ಲದಕ್ಕೂ ಬರವಣಿಗೆ. ಇದರ ನಡುವೆ ಒಬ್ಬ ಅಜ್ಜಿಗೆ ಹತ್ತು ನಿಮಿಷ ಚಮಚದಲ್ಲಿ ನೀರು ಕೊಟ್ಟದ್ದಕ್ಕೆ ಯಾವ ಪುಸ್ತಕದಲ್ಲೂ ಕಾಲಂ ಇಲ್ಲ. ಕೈ ಕಟ್ಟಿದ ಸಿಸ್ಟರ್ ಕೆಟ್ಟವಳಲ್ಲ ಎಂಬುದು ನಮಗೆ ಆಮೇಲೆ ಅರ್ಥವಾಯಿತು. ಸಿಸ್ಟರ್‌ಗಳು ಸಿಡುಕುತ್ತಾರೆ ಎಂದು ದೂರುವ ಮೊದಲು ಎಷ್ಟು ಮಂಚಕ್ಕೆ ಎಷ್ಟು ಜನ ಎಂದು ಎಣಿಸಬೇಕು. ಕರುಣೆ ಮನಸ್ಸಿನ ವಿಷಯ ಹೌದು, ಲೆಕ್ಕದ ವಿಷಯವೂ ಹೌದು.

ಘಟ್ಟ ಇಳಿದು ಬರುವವರು

ಕಾನಸೂರಿನ ಅಜ್ಜಿ ಮಂಗಳೂರಿಗೆ ಯಾಕೆ ಬರಬೇಕಾಯಿತು ಎಂಬುದೂ ಮುಖ್ಯ. ಶಿರಸಿಯಲ್ಲಿ ಪಂಡಿತ ಸಾರ್ವಜನಿಕ ಆಸ್ಪತ್ರೆ ಇದೆ, ಖಾಸಗಿ ಆಸ್ಪತ್ರೆಗಳೂ ಇವೆ. ಆದರೆ ಕಾಯಿಲೆ ಸ್ವಲ್ಪ ದೊಡ್ಡದಾದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಎರಡೇ ದಾರಿ: ಒಂದು ಹುಬ್ಬಳ್ಳಿ, ಇನ್ನೊಂದು ಘಟ್ಟ ಇಳಿದು ಮಣಿಪಾಲ, ಮಂಗಳೂರು. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಸಿದ್ದಾಪುರದ ಹಳ್ಳಿಗಳನ್ನೂ ಕಾಡಿದೆ. ಅದು ಉಲ್ಬಣಿಸಿದಾಗಲೂ ಮಲೆನಾಡಿನವರು ಓಡಿದ್ದು ಮಣಿಪಾಲಕ್ಕೆ.

2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆತರುತ್ತಿದ್ದ ಆಂಬ್ಯುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ಕು ಮಂದಿ ತೀರಿಕೊಂಡದ್ದು ಓದುಗರಿಗೆ ನೆನಪಿರಬಹುದು. ಆ ವೀಡಿಯೋವನ್ನು ನಾವೆಲ್ಲ ನೋಡಿದವರೇ. ಅದಾದ ಮೇಲೆ ಉತ್ತರ ಕನ್ನಡದವರು ನಮಗೂ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ದೊಡ್ಡ ಕೂಗು ಎಬ್ಬಿಸಿದರು.

ಆಸ್ಪತ್ರೆ ದೂರವಾದಷ್ಟೂ ರೋಗಿ ಒಂಟಿಯಾಗುತ್ತಾನೆ. ಇದು ನಾವು ಯೋಚಿಸಿಯೇ ಇರದ ವಿಷಯ. ಶಿರಸಿಯಲ್ಲಿ ಮಲಗಿದ್ದರೆ ಕಾನಸೂರಿನ ನೆರೆಮನೆಯವರು ಬಸ್ಸು ಹತ್ತಿ ಗಂಜಿ ತಂದು ಕೊಟ್ಟು ಸಂಜೆಗೆ ಮನೆ ಸೇರಬಹುದು. ಮಂಗಳೂರು ಇನ್ನೂರು ಕಿಲೋಮೀಟರಿಗೂ ಆಚೆ. ಅಡಿಕೆ ಕೊಯ್ಲು, ದನಕರು, ಮಳೆ ಎಲ್ಲ ಬಿಟ್ಟು ಯಾರು ಬರುತ್ತಾರೆ? ಬಂದರೂ ಎಷ್ಟು ದಿನ ಉಳಿಯುತ್ತಾರೆ, ಎಲ್ಲಿ ಮಲಗುತ್ತಾರೆ, ಏನು ತಿನ್ನುತ್ತಾರೆ?

ನಮ್ಮ ಉಮ್ಮಂದಿರ ಕತೆ ಬೇರೆಯೇ?

ಇಲ್ಲಿ ಒಂದು ಕ್ಷಣ ನಿಂತು ನಮ್ಮ ಮನೆಗಳನ್ನು ನೋಡಿಕೊಳ್ಳೋಣ. ಉಳ್ಳಾಲ, ಸುರತ್ಕಲ್, ಬಂಟ್ವಾಳ, ಪುತ್ತೂರು, ಯಾವ ಬ್ಯಾರಿ ಮನೆಯಲ್ಲಿ ಗಲ್ಫಿಗೆ ಹೋದವರಿಲ್ಲ? ಮೂವರು ಗಂಡು ಮಕ್ಕಳು ದುಬೈ, ದಮ್ಮಾಮ್, ಜುಬೈಲ್‌ನಲ್ಲಿ, ಹೆಣ್ಣು ಮಕ್ಕಳು ಗಂಡನ ಮನೆಯಲ್ಲಿ, ಎರಡು ಮಾಳಿಗೆಯ ಮನೆಯಲ್ಲಿ ಉಮ್ಮ ಒಬ್ಬರೇ. ಬಾಪ ತೀರಿಹೋಗಿ ವರ್ಷಗಳಾದವು. ಹಣಕ್ಕೆ ಕೊರತೆ ಇಲ್ಲ, ಸ್ಪೆಷಲ್ ರೂಮೇ ಮಾಡಿಸುತ್ತಾರೆ. ಆದರೆ ಸ್ಪೆಷಲ್ ರೂಮಿನಲ್ಲಿ ಒಂಟಿತನ ಇನ್ನೂ ಹೆಚ್ಚು. ವಾರ್ಡಿನಲ್ಲಿ ಪಕ್ಕದ ಮಂಚದವರಾದರೂ ಮಾತಾಡುತ್ತಾರೆ, ಆಸ್ರಿ ಎಂದರೆ ಏನೆಂದು ಹೇಳುತ್ತಾರೆ. ಅಲ್ಲಿ ಮೊಬೈಲಿನಲ್ಲಿ ದಿನಕ್ಕೆ ಮೂರು ವೀಡಿಯೋ ಕಾಲ್, ಉಳಿದ ಹೊತ್ತು ಗೋಡೆ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚು. ಆಮೇಲೆ ಆ ಸಂಖ್ಯೆ ಏರಿದೆಯೇ ಹೊರತು ಇಳಿದಿಲ್ಲ. ಕುಟುಂಬಗಳು ಚಿಕ್ಕದಾಗುತ್ತಿವೆ, ಮಕ್ಕಳು ದೂರ ಹೋಗುತ್ತಿದ್ದಾರೆ. ಮಕ್ಕಳನ್ನು ಬೈಯುವುದು ಸುಲಭ. ಕಾನಸೂರಿನ ಅಜ್ಜಿಯ ಮಗ ರಜೆ ಇಲ್ಲದೆ ಫೋನಿನಲ್ಲಿ ಅತ್ತದ್ದನ್ನು ಕೇಳಿದ ಮೇಲೆ ನಾವು ಬೈಯುವುದನ್ನು ಬಿಟ್ಟಿದ್ದೇವೆ.

ನೈಟ್ ಡ್ಯೂಟಿಯ ಹುಡುಗಿ ಬೇಡ ಎನ್ನುವವರಿಗೆ

ನಮ್ಮ ಜೊತೆ ಕಾನಸೂರಿಗೆ ಬಂದ ಸಿಸ್ಟರ್ ಒಬ್ಬ ಆಟೋ ಚಾಲಕರ ಮಗಳು. ಅವಳ ಬಾಪ ಸಾಲ ಮಾಡಿ ಬಿಎಸ್ಸಿ ನರ್ಸಿಂಗ್ ಓದಿಸಿದರು. ಈಗ ಮದುವೆ ಪ್ರಸ್ತಾಪಗಳು ಬರುತ್ತವೆ, ಹೋಗುತ್ತವೆ. "ಹುಡುಗಿ ಒಳ್ಳೆಯವಳು, ಆದರೆ ನೈಟ್ ಡ್ಯೂಟಿ, ಗಂಡಸರ ವಾರ್ಡು..." ಅಲ್ಲಿಗೆ ಮಾತು ಮುಗಿಯುತ್ತದೆ. ಅದೇ ಮಂದಿ ತಮ್ಮ ಉಮ್ಮನನ್ನು ಅಡ್ಮಿಟ್ ಮಾಡಿದಾಗ, "ನಮ್ಮವರು ಸಿಸ್ಟರ್ ಯಾರಾದರೂ ಇದ್ದಾರಾ, ಉಮ್ಮನಿಗೆ ಕನ್ನಡ ಸರಿಯಾಗಿ ಬರುವುದಿಲ್ಲ" ಎಂದು ವಿಚಾರಿಸುತ್ತಾರೆ. ಇದು ಎಂಥ ನ್ಯಾಯ?

ನಮ್ಮ ಇತಿಹಾಸದಲ್ಲಿ ಈ ವೃತ್ತಿಗೆ ಕೀಳು ಸ್ಥಾನ ಇರಲಿಲ್ಲ. ಮದೀನಾದ ರುಫೈದಾ ಅಲ್ ಅಸ್ಲಮಿಯ್ಯ (ರ) ಅವರ ಹೆಸರು ಎಷ್ಟು ಮನೆಗಳಲ್ಲಿ ಗೊತ್ತು? ಪ್ರವಾದಿಯವರ (ಸ) ಕಾಲದಲ್ಲಿ ಗಾಯಾಳುಗಳಿಗೆ, ನೋಡಿಕೊಳ್ಳುವವರಿಲ್ಲದವರಿಗೆ ಮಸೀದಿಯ ಡೇರೆಯಲ್ಲಿ ಶುಶ್ರೂಷೆ ಮಾಡುತ್ತಿದ್ದವರು ಅವರು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್ (ರ) ಅವರನ್ನು ಸೇರಿಸಿದ್ದು ಅವರ ಡೇರೆಗೇ. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರಲ್ಲಿ, ಆಕೆಯ ಜನ್ಮದಿನವಾದ ಮೇ 12ನ್ನು ಜಗತ್ತು ದಾದಿಯರ ದಿನವಾಗಿ ಆಚರಿಸುತ್ತದೆ. ಅದಕ್ಕಿಂತ ಹನ್ನೆರಡು ಶತಮಾನ ಹಿಂದಿನ ಡೇರೆ ಅದು.

ನಮ್ಮ ಸಮುದಾಯದ ಹಿರಿಯರೇ ಕಟ್ಟಿದ ಯೇನಪೋಯ, ಕಣಚೂರು ಸಂಸ್ಥೆಗಳು ದೇರಳಕಟ್ಟೆ ಪರಿಸರದಲ್ಲಿವೆ. ಅಲ್ಲಿ ನರ್ಸಿಂಗ್ ಕಾಲೇಜುಗಳೂ ಇವೆ. ಮಗಳು ಡಾಕ್ಟರ್ ಆಗಲಿ ಎಂದು ಆಸೆಪಡುವುದು ಸರಿಯೇ. ನರ್ಸ್ ಆಗುತ್ತೇನೆ ಎಂದರೆ ಮುಖ ಸಿಂಡರಿಸುವುದು ಸರಿಯಲ್ಲ.

ಕೇರಳದವರು ಮಾಡಿ ತೋರಿಸಿದ್ದು

ಒಂಟಿ ರೋಗಿಯ ಪಕ್ಕ ಕೂರುವ ಕೆಲಸವನ್ನು ಊರೇ ಎತ್ತಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ನೋವು ಶಮನದ ಒಂದು ಸಂಘ ಆರಂಭಿಸಿದರು. ವಾಸಿಯಾಗದ ಕಾಯಿಲೆಯವರಿಗೆ ಇನ್ನೇನೂ ಮಾಡುವಂತಿಲ್ಲ ಎಂದು ಮನೆಗೆ ಕಳಿಸುವ ಬದಲು ನೋವು ಕಡಿಮೆ ಮಾಡಿ ಜೊತೆಗಿರುವುದು ಅದರ ಉದ್ದೇಶ. ಕೆಲವೇ ವರ್ಷಗಳಲ್ಲಿ ಅದು ಮಲಪ್ಪುರಂ ಜಿಲ್ಲೆಯ ಹಳ್ಳಿ ಹಳ್ಳಿಗೆ ಹಬ್ಬಿತು. ಅಂಗಡಿಯವರು, ಶಿಕ್ಷಕರು, ವಿದ್ಯಾರ್ಥಿಗಳು, ಗೃಹಿಣಿಯರು ತರಬೇತಿ ಪಡೆದು ವಾರಕ್ಕೆ ಕೆಲವು ಗಂಟೆ ಕೊಟ್ಟರು. ಸಣ್ಣ ಸಣ್ಣ ದೇಣಿಗೆಗಳಿಂದಲೇ ಖರ್ಚು ಸಾಗಿತು. ಒಬ್ಬ ನರ್ಸ್, ಜೊತೆಗೆ ಇಬ್ಬರು ಮೂವರು ಸ್ವಯಂಸೇವಕರು ಮನೆಮನೆಗೆ ಹೋದರು. 2008ರಲ್ಲಿ ಕೇರಳ ಸರಕಾರ ಇದನ್ನು ತನ್ನ ನೀತಿಯಾಗಿಯೇ ಸ್ವೀಕರಿಸಿತು. ದೇಶದಲ್ಲಿ ಅಂಥ ನೀತಿ ತಂದ ಮೊದಲ ರಾಜ್ಯ ಅದು. 2018ರಲ್ಲಿ ರಾಜಗೋಪಾಲ್ ಅವರಿಗೆ ಪದ್ಮಶ್ರೀ ಬಂತು.

ನಮ್ಮಲ್ಲಿಯೂ ಬೇರು ಇಲ್ಲದಿಲ್ಲ. 1848ರಲ್ಲಿ ಆರಂಭವಾದ ವೆನ್ಲಾಕ್ ಆಸ್ಪತ್ರೆಯಲ್ಲಿ ರೋಗಿಗಳ ಜೊತೆಗಿರುವವರಿಗೆ ರಾತ್ರಿಯ ಊಟ ಕೊಡುವ ಎಂ.ಫ್ರೆಂಡ್ಸ್‌ನವರ 'ಕಾರುಣ್ಯ' ಯೋಜನೆ ಈ ಪುಟದ ಓದುಗರಿಗೆ ಗೊತ್ತೇ ಇದೆ. ರಕ್ತ ಬೇಕು ಎಂದರೆ ನಡುರಾತ್ರಿ ಓಡಿ ಬರುವ ನಮ್ಮ ಹುಡುಗರಿದ್ದಾರೆ. ಊಟ ಕೊಟ್ಟೆವು, ರಕ್ತ ಕೊಟ್ಟೆವು. ಜೊತೆಗೆ ಯಾರೂ ಇಲ್ಲದವರ ಪಕ್ಕದಲ್ಲಿ ಒಂದು ಗಂಟೆ ಕೂರುವುದು ಬಾಕಿ ಇದೆ.

ಸಿಸ್ಟರ್ ನಮಗೆ ಕಲಿಸಿದ ಪಾಠ

ಆ ಮಳೆಗಾಲದ ನಂತರ ನಮ್ಮ ಶುಕ್ರವಾರದ ಕ್ರಮ ಬದಲಾಗಿದೆ. ಹತ್ತು ಮಂಚಕ್ಕೆ ಎರಡೆರಡು ನಿಮಿಷದ ಬದಲು ಒಬ್ಬರ ಹತ್ತಿರ ಒಂದು ಗಂಟೆ. ಸಿಸ್ಟರ್ ಹೇಳಿಕೊಟ್ಟದ್ದನ್ನು ಇಲ್ಲಿ ಕೊಡುತ್ತಿದ್ದೇವೆ. ನಿಮ್ಮ ಮನೆಯ ಹಿರಿಯರಿಗೂ ಉಪಯೋಗಕ್ಕೆ ಬರುತ್ತದೆ.

ಮೊದಲು ಡ್ಯೂಟಿ ಸಿಸ್ಟರ್‌ನ್ನು ಕೇಳಿ. ಯಾರ ಹತ್ತಿರ ಬೈಸ್ಟ್ಯಾಂಡರ್ ಇಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ. ಕೇಳದೆ ನೀರನ್ನೂ ಕೊಡಬೇಡಿ. ಶಸ್ತ್ರಚಿಕಿತ್ಸೆಗೆ ಮುಂಚೆ ಉಪವಾಸ ಇರಬಹುದು, ನುಂಗಲು ತೊಂದರೆ ಇರಬಹುದು, ಸಕ್ಕರೆ ಕಾಯಿಲೆ ಇರಬಹುದು.

ಕೈ ತೊಳೆದು ಹೋಗಿ, ಬರುವಾಗಲೂ ತೊಳೆಯಿರಿ. ನಿಮಗೇ ಶೀತ, ಜ್ವರ ಇದ್ದರೆ ಆ ವಾರ ಹೋಗಬೇಡಿ.

ನಿಂತು ಮಾತಾಡಬೇಡಿ, ಅವರ ಕಣ್ಣಿನ ಮಟ್ಟಕ್ಕೆ ಕೂತುಕೊಳ್ಳಿ. ಹೋದ ಸಲ ಬಂದಿದ್ದರೂ ಮತ್ತೆ ಹೆಸರು ಹೇಳಿ. "ನನ್ನ ಗುರುತು ಸಿಕ್ಕಿತಾ?" ಎಂದು ಪರೀಕ್ಷೆ ಮಾಡಬೇಡಿ.

ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರ ಎಲ್ಲಿದೆ ನೋಡಿ. ಅವು ಚೀಲದಲ್ಲಿ ಭದ್ರವಾಗಿದ್ದು ಪ್ರಯೋಜನ ಇಲ್ಲ. ಇವತ್ತು ಯಾವ ವಾರ, ಯಾವ ಊರು, ಹೊರಗೆ ಮಳೆಯೋ ಬಿಸಿಲೋ ಎಂದು ಮಾತಿನ ನಡುವೆ ಹೇಳುತ್ತಿರಿ. ಅದೇ ದೊಡ್ಡ ಔಷಧಿ.

ತಿನ್ನಿಸುವುದಾದರೆ ನೆಟ್ಟಗೆ ಕೂರಿಸಿಯೇ ತಿನ್ನಿಸಿ, ಸಣ್ಣ ಚಮಚ ಬಳಸಿ, ಅವಸರ ಮಾಡಬೇಡಿ. ತಿಂದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಕೆಮ್ಮು ಬಂದರೆ ನಿಲ್ಲಿಸಿ ಸಿಸ್ಟರ್‌ನ್ನು ಕರೆಯಿರಿ.

ಊದಿದ ಕಾಲನ್ನು ಪ್ರೀತಿಯಿಂದಲೂ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅಪಾಯ.

ಆಸ್ತಿ, ಮಕ್ಕಳ ಮೇಲಿನ ದೂರು, ಬೇರೆ ಆಸ್ಪತ್ರೆಯ ಹೊಗಳಿಕೆ, ಉಪದೇಶ ಬೇಡ. ಅವರ ಧರ್ಮ ಅವರದ್ದು. ಅಜ್ಜಿ ಸಂಜೆಯ ಭಜನೆ ಕೇಳಬೇಕು ಎಂದಾಗ ನಮ್ಮ ಹುಡುಗಿಯೇ ಮೊಬೈಲಿನಲ್ಲಿ ಹುಡುಕಿ ಹಾಕಿಕೊಟ್ಟದ್ದು.

ನಾಳೆ ಬರುತ್ತೇನೆ ಎಂದು ಸುಮ್ಮನೆ ಹೇಳಬೇಡಿ. ಹೇಳಿದರೆ ಬನ್ನಿ. ಅವರು ಬಾಗಿಲು ನೋಡುತ್ತ ಇರುತ್ತಾರೆ.

ಮತ್ತೆ, ಫೋಟೋ ಬೇಡವೇ ಬೇಡ.

ಕಾನೂನೂ ಇದೆ ಎಂಬುದನ್ನು ಮರೆಯಬಾರದು. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ ಪ್ರಕಾರ ಜೀವನಾಂಶಕ್ಕಾಗಿ ಹಿರಿಯರು ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಕಾನಸೂರಿನವರಿಗೆ ಅದು ಶಿರಸಿಯಲ್ಲಿ. ನೋಡಿಕೊಳ್ಳಬೇಕಾದವರು ಹಿರಿಯರನ್ನು ಬೇಕೆಂದೇ ಬಿಟ್ಟು ಹೋದರೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸರಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಪ್ರತ್ಯೇಕ ಸಾಲು ಇರಬೇಕು ಎಂದೂ ಅದರಲ್ಲಿದೆ. ಹಿರಿಯರ ಸಹಾಯವಾಣಿ ಸಂಖ್ಯೆ 14567. ನಿಮ್ಮ ನೆರೆಮನೆಯ ಒಂಟಿ ಹಿರಿಯರ ಫೋನಿನಲ್ಲಿ ಇದನ್ನು ಸೇವ್ ಮಾಡಿ ಕೊಡಿ.

ಕಾನಸೂರಿನ ಜಗುಲಿಯಲ್ಲಿ

ಅಂಗಡಿಯವರ ಮಗ ನಮ್ಮನ್ನು ತೋಟದ ದಾರಿಯಲ್ಲಿ ಕರೆದುಕೊಂಡು ಹೋದ. ಅಜ್ಜಿ ಜಗುಲಿಯಲ್ಲಿ ವಾಕರ್ ಎದುರಿಗಿಟ್ಟುಕೊಂಡು ಕೂತಿದ್ದರು. ಮಗ ಈಗ ತಿಂಗಳಲ್ಲಿ ಹತ್ತು ದಿನ ಮನೆಯಿಂದಲೇ ಕೆಲಸ ಮಾಡುತ್ತಾರೆ, ಉಳಿದ ದಿನ ನೆರೆಮನೆಯ ಹೆಂಗಸು ರಾತ್ರಿ ಬಂದು ಮಲಗುತ್ತಾಳೆ. ಅಂಗಳಕ್ಕೆ ಸಿಮೆಂಟ್ ಹಾಕಿ ಹಿಡಿದುಕೊಳ್ಳಲು ಕಂಬಿ ಕಟ್ಟಿಸಿದ್ದಾರೆ.

ನಮ್ಮ ಯಾರ ಗುರುತೂ ಅಜ್ಜಿಗೆ ಸಿಗಲಿಲ್ಲ. ಸಿಸ್ಟರ್ ಹತ್ತಿರ ಹೋಗಿ ನೆಲದಲ್ಲಿ ಕೂತು ಹೆಸರು ಹೇಳಿದಳು. ಅಜ್ಜಿ ಅವಳ ಕೈ ಹಿಡಿದು, ಬೆರಳು ಸವರಿ, ತುಸು ಹೊತ್ತು ಸುಮ್ಮನಿದ್ದರು. ಆಮೇಲೆ ನಮ್ಮ ಕಡೆ ತಿರುಗಿ, "ಬಿಸಿಲಲ್ಲಿ ಬಂದಿದ್ದೀರಿ, ಆಸ್ರಿಗೆ ಎಂತ ಬೇಕು?" ಎಂದು ಕೇಳಿದರು.

ಮಗ ಒಳಗಿನಿಂದ ಬೆಲ್ಲ ನೀರು ತಂದರು. ಊಟಕ್ಕೆ ಅಪ್ಪೆಹುಳಿ ಇತ್ತು. ಹೊರಡುವಾಗ ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಕೊಟ್ಟು, "ವಾರ್ಡಿನ ಆ ಸಿಸ್ಟರ್‌ಗಳಿಗೆಲ್ಲ" ಎಂದರು ಅಜ್ಜಿ. ಕೈ ಕಟ್ಟಿದವರಿಗೂ ಸೇರಿಸಿಯೇ ಹೇಳಿದ್ದಿರಬೇಕು.

ಸಂಜೆ ಬಸ್ಸಿಗೆ ಕಾಯುತ್ತಿರುವಾಗ ಸಿಸ್ಟರ್‌ಗೆ ಆಸ್ಪತ್ರೆಯಿಂದ ಫೋನ್ ಬಂತು. ಮಾತಾಡಿ ಮುಗಿಸಿ ನಮಗೆ ಹೇಳಿದಳು: "ನಾಡಿದ್ದು ಶುಕ್ರವಾರ ಬರುವಾಗ ಹಣ್ಣು ತರಬೇಡಿ ಇಚ್ಚಾ. ಬೈಸ್ಟ್ಯಾಂಡರ್ ಇಲ್ಲದವರು ಮೂರು ಮಂದಿ ಇದ್ದಾರಂತೆ. ಒಬ್ಬರು ನಮ್ಮವರೇ, ಮಕ್ಕಳೆಲ್ಲ ಗಲ್ಫಿನಲ್ಲಿ. ಇನ್ನಿಬ್ಬರು ಯಲ್ಲಾಪುರ ಕಡೆಯವರು. ನೀವು ಐದು ಮಂದಿ ಇದ್ದೀರಲ್ಲ, ಸಾಕಾಗಬಹುದು."

ಮೂರು ಮಂಚಕ್ಕೆ ಐದು ಮಂದಿ ಸಾಕು. ಆದರೆ ಆ ಊರಿನಲ್ಲಿ ಅಂಥ ವಾರ್ಡುಗಳು ಎಷ್ಟೋ ಇವೆ.